ಟ್ರಂಕಿನೊಳಗಿನ ಸಂಕೋಚ

ಒಂದೇ ವಾರದ ಟಪಾಲಿನಲ್ಲಿ ರಾಯಚೂರು ಜಿಲ್ಲೆಯಿಂದ ಈ ಅಂಕಣಕ್ಕೆ ಮೂರು ಪತ್ರಗಳು ಬಂದಿವೆ. ಒಂದು ಸಿಂಧನೂರಿನದು, ಒಂದು ಲಿಂಗಸುಗೂರಿನದು, ಇನ್ನೊಂದು ಇವೆರಡರ ನಡುವೆ ಅದೇ ರಸ್ತೆಯ ಮೇಲಿರುವ ಮಸ್ಕಿಯದು. ಬರೆದವರು ಒಬ್ಬರನ್ನೊಬ್ಬರು ಅರಿಯರು. ಆದರೂ ಮೂವರು ಕೇಳಿರುವುದು ಒಂದೇ ವಸ್ತುವಿನ ವಿಷಯ, ಮತ್ತು ಮೂವರೂ ಆ ವಸ್ತುವಿನ ಹೆಸರನ್ನು ಬರೆದಿಲ್ಲ. ಸಿಂಧನೂರಿನ ಸೋದರಿ ‘ಆ ಯಂತ್ರ’ ಎಂದಿದ್ದಾರೆ. ಲಿಂಗಸುಗೂರಿನ ತಾಯಿ ‘ನಮ್ಮ ಕೋಣೆಯ ಒಂದು ಸಾಮಾನು’ ಎಂದು ಬರೆದು, ಅದನ್ನೂ ಹೊಡೆದುಹಾಕಿ, ಮತ್ತೆ ಬರೆದಿದ್ದಾರೆ. ಮಸ್ಕಿಯ ತರುಣರು ‘ಮಸಾಜ್ ಯಂತ್ರವೆಂದು ಮಾರುತ್ತಾರಲ್ಲ, ಅದು’ ಎಂದಿದ್ದಾರೆ.

ಮಸ್ಕಿಯಿಂದ ಬಂದ ಪತ್ರದಲ್ಲಿ ಹೆಸರು ಇಲ್ಲದಿರುವುದನ್ನು ಕಂಡು ನನಗೆ ಸ್ವಲ್ಪ ನಗು ಬಂದಿತು. ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳ ಮರೆಯಲ್ಲಿದ್ದ ಅರಸ ಯಾರೆಂದು ವಿದ್ವಾಂಸರು ಬಹುಕಾಲ ಊಹೆಯಿಂದ ಹೇಳಬೇಕಾಗಿದ್ದಾಗ, ೧೯೧೫ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಕೊರೆದಿದ್ದಿತು. ಆ ಊರಿನ ಹೆಸರಿನಿಂದ ಧೈರ್ಯ ತಂದುಕೊಂಡು ನಾನೂ ಹೆಸರನ್ನು ಹೇಳಿಬಿಡುತ್ತೇನೆ. ಇವು ವೈಬ್ರೇಟರ್ ಎಂಬ ಸಾಧನಗಳು. ಶೆಲ್ಲಿನಿಂದಲೋ, ಚಾರ್ಜು ಮಾಡುವ ಬ್ಯಾಟರಿಯಿಂದಲೋ ಕಂಪಿಸುವಂಥವು, ಕಾಮಸುಖಕ್ಕಾಗಿ ಬಳಸುವಂಥವು. ದಂಪತಿಗಳು ಬಳಸುವುದುಂಟು, ಒಂಟಿಯಾಗಿರುವವರು ಬಳಸುವುದೂ ಉಂಟು. ಮುಜುಗರವೆನಿಸುವ ವಾಚಕರು ಪುಟ ಮಗುಚಿ ಧಾರಾವಾಹಿಗೆ ಹೋಗಬಹುದು, ನನಗೆ ಬೇಸರವಿಲ್ಲ. ಲಿಂಗಸುಗೂರಿನ ಪತ್ರ ಮುಗಿಯುವವರೆಗೆ ಮಾತ್ರ ನಿಲ್ಲಿರೆಂದು ಕೇಳಿಕೊಳ್ಳುತ್ತೇನೆ. ಅದು ಮಕ್ಕಳಿರುವ ಎಲ್ಲ ಮನೆಗಳಿಗೂ ಸೇರಿದ್ದು.

ಆ ತಾಯಿಯ ಸಣ್ಣ ಸಾಧನವೊಂದರಲ್ಲಿ ಗುಂಡಿಯಂತಹ ಶೆಲ್ಲುಗಳು ಮೂರು ಇದ್ದವು. ಈಗ ಎರಡೇ ಇವೆ. ಮನೆಯಲ್ಲಿ ಎರಡು ವರ್ಷದ ಮಗುವಿದೆ. ‘ಮಗು ಆಡಿಕೊಂಡೇ ಇದೆ, ಆದರೆ ಎರಡು ದಿನದಿಂದ ಜೊಲ್ಲು ಹೆಚ್ಚು. ಡಾಕ್ಟರರು ಆ ಶೆಲ್ಲು ಯಾವುದರದೆಂದು ಕೇಳಿದರೆ ಏನು ಹೇಳಲಿ?’ ಎಂದು ಅವರ ಪ್ರಶ್ನೆ.

ಈ ಪತ್ರಕ್ಕೆ ಪತ್ರಿಕೆಯಲ್ಲಿ ಉತ್ತರ ಬರುವವರೆಗೆ ಕಾಯುವಂತಿಲ್ಲ. ಪತ್ರ ಕೈಸೇರಿದ ದಿನವೇ, ಕೊಟ್ಟಿದ್ದ ವಿಳಾಸಕ್ಕೆ, ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರೆಂದು ತಿಳಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಗುಂಡಿ ಶೆಲ್ಲು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯಾದ ಮಾಂಸಕ್ಕೆ ತಗುಲಿ ಅಲ್ಲಿಯೇ ವಿದ್ಯುತ್ ಹರಿಯಲಾರಂಭಿಸುತ್ತದೆ. ಅದರಿಂದ ಸುಣ್ಣಕ್ಕಿಂತ ತೀಕ್ಷ್ಣವಾದ ಕ್ಷಾರ ಉತ್ಪನ್ನವಾಗಿ ಸುಡುತ್ತದೆ. ಎಲ್ಲಕ್ಕಿಂತ ಅಪಾಯಕರವಾದದ್ದು ೨೦ ಮಿಲಿಮೀಟರ್ ಅಗಲದ ಲಿಥಿಯಂ ಶೆಲ್ಲು. ಅದರ ಮೈಮೇಲೆ ಸಿಆರ್ ೨೦೩೨ ಎಂಬಂಥ ಗುರುತು ಇರುತ್ತದೆ. ಎರಡೇ ಗಂಟೆಯಲ್ಲಿ ಅದು ಅನ್ನನಾಳವನ್ನು ತೀವ್ರವಾಗಿ ಸುಡಬಲ್ಲುದು. ಶಕ್ತಿ ಮುಗಿದು ಎಸೆಯುವ ಸ್ಥಿತಿಯಲ್ಲಿರುವ ಶೆಲ್ಲಿನಲ್ಲಿಯೂ ಇಷ್ಟು ಕೇಡು ಮಾಡುವ ಬಲ ಉಳಿದಿರುತ್ತದೆ. ಮೊದಲಿಗೆ ಮಗು ನಗುತ್ತಲೇ ಇರಬಹುದು. ಜೊಲ್ಲು, ಕೆಮ್ಮು, ಊಟ ಬೇಡವೆನ್ನುವುದು, ಇವಿಷ್ಟೇ ಲಕ್ಷಣಗಳಾಗಿದ್ದು ನೆಗಡಿಯೆಂದು ಮನೆಯವರು ಸುಮ್ಮನಾಗುವುದುಂಟು. ವಾಂತಿ ಮಾಡಿಸಬಾರದು. ಬಾಳೆಹಣ್ಣು ತಿನ್ನಿಸಿ ‘ಕೆಳಗೆ ಇಳಿಯಲಿ’ ಎಂದು ಕಾಯಬಾರದು. ಎಕ್ಸ್‌ರೇ ತೆಗೆಯುವ ಆಸ್ಪತ್ರೆಗೆ ತಕ್ಷಣ ಹೋಗಬೇಕು; ಅಲ್ಲಿ ಶೆಲ್ಲನ್ನು ಹೊರತೆಗೆಯುವ ಅನುಕೂಲವಿಲ್ಲದಿದ್ದರೆ ಅವರೇ ರಾಯಚೂರಿಗೋ, ಬೇರೆ ದೊಡ್ಡ ಆಸ್ಪತ್ರೆಗೋ ಕಳುಹಿಸುತ್ತಾರೆ.

ಇನ್ನು ‘ಏನು ಹೇಳಲಿ’ ಎಂಬ ಪ್ರಶ್ನೆ. ‘ಗುಂಡಿ ಶೆಲ್ಲು ನುಂಗಿರಬಹುದು’ ಎಂದರೆ ಸಾಕು. ಗಡಿಯಾರದಲ್ಲಿ, ಕಾರಿನ ಕೀಲಿಯಲ್ಲಿ, ಜಾತ್ರೆಯಲ್ಲಿ ಕೊಂಡ ದೀಪದ ಆಟಿಕೆಯಲ್ಲಿ, ಜ್ವರ ನೋಡುವ ಕಡ್ಡಿಯಲ್ಲಿ ಎಲ್ಲ ಕಡೆಯೂ ಅಂಥದೇ ಶೆಲ್ಲು ಇದೆ. ವೈದ್ಯರಿಗೆ ಬೇಕಾದದ್ದು ಅದರ ಅಳತೆ ಮತ್ತು ನುಂಗಿದ ಹೊತ್ತು; ಉಳಿದ ಎರಡು ಶೆಲ್ಲುಗಳನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ ಅಳತೆಯೂ ತಿಳಿಯಿತು. ಎರಡು ದಿನ ಆ ತಾಯಿ ಯೋಚಿಸಿದ್ದು ಮಗುವಿನ ಗಂಟಲನ್ನಲ್ಲ, ತಮ್ಮ ಮಾನವನ್ನು. ಅವರನ್ನು ನಿಂದಿಸಲು ಈ ಮಾತು ಹೇಳುತ್ತಿಲ್ಲ. ನಮ್ಮಲ್ಲಿ ಅನೇಕರು ಹಾಗೆಯೇ ಮಾಡುತ್ತಿದ್ದೆವು.

ಸಿಂಧನೂರಿನ ಪತ್ರ ದೀರ್ಘವಾದದ್ದು. ಬರೆದವರಿಗೆ ೪೬ ವರ್ಷ, ಮುಟ್ಟು ನಿಲ್ಲುತ್ತಿರುವ ಕಾಲ. ಪತಿಗೆ ೧೨ ವರ್ಷಗಳಿಂದ ಸಕ್ಕರೆ ಕಾಯಿಲೆ. ಆ ಕಾಯಿಲೆಯಿಂದ ದಾಂಪತ್ಯಕ್ಕೆ ಬಂದ ತೊಡಕನ್ನು ಇಬ್ಬರೂ ಕೂಡಿ ಮಾತನಾಡಿ, ಒಬ್ಬರನ್ನೊಬ್ಬರು ದೂರದೆ, ಈ ಸಾಧನವನ್ನು ತರಿಸಿಕೊಂಡರು. ಇಷ್ಟರಮಟ್ಟಿಗೆ ಆ ಮನೆಯ ವಿವೇಕವನ್ನು ಮೆಚ್ಚಬೇಕು. ಆಮೇಲೆ ನಡೆದದ್ದೇ ಬೇರೆ. ಬೆಳೆದ ಮಗಳು, ಅತ್ತೆ, ಬಂದು ಹೋಗುವ ನಾದಿನಿ, ಇವರ ಕಣ್ಣಿಗೆ ಬೀಳಬಾರದೆಂದು ಅದನ್ನು ಶೆಲ್ಲುಗಳ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆಯ ಜೊತೆಗೆ ಟ್ರಂಕಿನಲ್ಲಿಟ್ಟು, ಆ ಟ್ರಂಕನ್ನು ತಗಡಿನ ಮಾಡಿನ ಕೋಣೆಯ ಅಟ್ಟಕ್ಕೇರಿಸಿದರು. ಬೇಸಿಗೆ ಕಳೆಯಿತು. ತೆಗೆದು ನೋಡಿದಾಗ ಶೆಲ್ಲಿನ ತುದಿಗಳಲ್ಲಿ ಬಿಳಿ, ಹಸಿರು ಬಣ್ಣದ ಪುಡಿ ಕಟ್ಟಿತ್ತು. ಮೇಲ್ಮೈ ಬೆಲ್ಲದಂತೆ ಅಂಟುತ್ತಿತ್ತು. ಬಟ್ಟೆಯಿಂದ ಒರೆಸಿ, ಗಾಯ ತೊಳೆಯುವ ಔಷಧದ ನೀರಿನಲ್ಲಿ ಅದ್ದಿ, ಹೊಸ ಶೆಲ್ಲು ಹಾಕಿ ಬಳಸಿದರು. ಅಂದಿನಿಂದ ಉರಿ. ‘ಇಲ್ಲಿನ ಲೇಡಿ ಡಾಕ್ಟರು ನಮ್ಮ ನಾದಿನಿಯ ಗೆಳತಿ’ ಎಂದು ಪತ್ರ ಮುಗಿಯುತ್ತದೆ.

ಸೋದರಿ, ಮೊದಲು ಉರಿಯ ಮಾತು. ಅದಕ್ಕೆ ಶೆಲ್ಲಿನ ಕ್ಷಾರ ಕಾರಣವಿರಬಹುದು, ಔಷಧದ ನೀರು ಕಾರಣವಿರಬಹುದು, ಅಂಟು ಬಿಟ್ಟ ರಬ್ಬರಿನಂಥ ವಸ್ತು ಕಾರಣವಿರಬಹುದು, ಸೋಂಕೂ ತಗುಲಿರಬಹುದು. ಪತ್ರ ಓದಿ ಇಂಥದೇ ಎನ್ನಲು ಯಾರಿಂದಲೂ ಆಗದು. ಈಗ ತಣ್ಣನೆಯ ಶುದ್ಧ ನೀರಿನಿಂದ ಹೊರಭಾಗವನ್ನು ಮಾತ್ರ ತೊಳೆಯಿರಿ. ಒಳಗೆ ಯಾವ ಔಷಧದ ನೀರನ್ನೂ ಬಿಡಬೇಡಿ. ಯೋನಿ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುವ ಅಂಗ, ಗಾಯದ ಔಷಧ ಅಲ್ಲಿ ರಕ್ಷಣೆಯನ್ನೇ ಕೆಡಿಸುತ್ತದೆ. ಎರಡು ದಿನ ಮೀರಿದ ಉರಿ, ದುರ್ವಾಸನೆ, ಬಿಳಿಸೆರಗು, ರಕ್ತ ಇವುಗಳಲ್ಲಿ ಯಾವುದಿದ್ದರೂ ವೈದ್ಯರು ನೋಡಲೇಬೇಕು. ರೋಗಿಯ ಗುಟ್ಟನ್ನು ಹೊರಗೆಡಹುವುದು ವೈದ್ಯರಿಗೆ ನಿಷಿದ್ಧ. ೨೦೦೨ರ ವೈದ್ಯಕೀಯ ನಡಾವಳಿಯ ನಿಯಮಗಳಲ್ಲಿ ಅದು ಬರವಣಿಗೆಯಲ್ಲಿದೆ. ಆದರೂ ಮನಸ್ಸು ಒಪ್ಪದಿದ್ದರೆ ರಾಯಚೂರಿಗೋ ಬಳ್ಳಾರಿಗೋ ಬಸ್ಸು ಹತ್ತಿ. ಅಂಜಿಕೆಯಿಂದ ಮನೆಯಲ್ಲಿ ಕೂರುವುದಕ್ಕಿಂತ ಆ ಬಸ್ ಚಾರ್ಜು ಅಗ್ಗ.

ಆ ಸಾಧನವನ್ನು ಇನ್ನು ಬಳಸಬೇಡಿ. ರೇಡಿಯೋದಲ್ಲಿಯೋ ಟಾರ್ಚಿನಲ್ಲಿಯೋ ಶೆಲ್ಲು ಸೋರಿದ್ದರೆ, ಕೈಗವಸು ಹಾಕಿಕೊಂಡು, ಹತ್ತಿಗೆ ನಿಂಬೆಯ ರಸವನ್ನೋ ವಿನಿಗರನ್ನೋ ತಾಗಿಸಿ ಲೋಹದ ಪಟ್ಟಿಯನ್ನು ಒರೆಸಿ ಒಣಗಿಸಿದರೆ ಮತ್ತೆ ಕೆಲಸ ಮಾಡುತ್ತದೆ. ಮೈಯೊಳಗೆ ತಾಗುವ ವಸ್ತುವಿಗೆ ಆ ರಿಪೇರಿ ಸಲ್ಲದು. ಕ್ಷಾರ ಯಾವ ಸಂದಿಯಲ್ಲಿ ಉಳಿದಿದೆಯೆಂದು ಕಾಣುವುದಿಲ್ಲ. ಆ ಪುಡಿ ಕಣ್ಣಿಗೆ ಹಾರಿದ್ದಾದರೆ ಕಾಲು ಗಂಟೆ ನೀರು ಹಾಯಿಸಿ, ಆಮೇಲೆ ಆಸ್ಪತ್ರೆ.

ಅಂಟಾದ ಮೇಲ್ಮೈಯ ಬಗ್ಗೆಯೂ ಹೇಳಬೇಕು. ಅಗ್ಗದ ಸಾಧನಗಳನ್ನು ಮೃದುವಾದ ಪಿವಿಸಿಯಿಂದ ಮಾಡುವುದುಂಟು. ಮಳೆಕೋಟಿನ ವಾಸನೆಯಂಥ ವಾಸನೆ ಅದರ ಗುರುತು. ಗಡಸಾದ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಥ್ಯಾಲೇಟ್ ಎಂಬ ಎಣ್ಣೆಯಂಥ ರಾಸಾಯನಿಕಗಳನ್ನು ಬೆರೆಸುತ್ತಾರೆ. ಕಾಲಕ್ರಮದಲ್ಲಿ, ಬಿಸಿಯಲ್ಲಿ ಇನ್ನೂ ಬೇಗನೆ, ಅದು ಹೊರಗೆ ಜಿನುಗುತ್ತದೆ. ಡೆನ್ಮಾರ್ಕಿನ ಪರಿಸರ ಇಲಾಖೆ ೨೦೦೬ರಲ್ಲಿಯೇ ಇಂಥ ಸಾಧನಗಳ ರಾಸಾಯನಿಕಗಳನ್ನು ಪರೀಕ್ಷೆ ಮಾಡಿಸಿತ್ತು. ಸಿಂಧನೂರಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲಿಯೇ ೪೦ ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಅಟ್ಟದಲ್ಲಿ ಎಷ್ಟಿರುತ್ತದೆಂದು ಅಲ್ಲಿ ಹುಣಸೆಹಣ್ಣು ಇಟ್ಟು ತೆಗೆದವರಿಗೆ ಗೊತ್ತು. ಈ ಪಿವಿಸಿಗೆ ಸಣ್ಣ ಸಣ್ಣ ರಂಧ್ರಗಳೂ ಇರುವುದರಿಂದ ತೊಳೆದರೂ ಪೂರ್ತಿ ಶುಚಿಯಾಗದು. ಮುಂದೆ ಕೊಳ್ಳುವಿರಾದರೆ ವಾಸನೆಯಿಲ್ಲದ ಒಳ್ಳೆಯ ಸಿಲಿಕೋನ್, ಗಟ್ಟಿ ಪ್ಲಾಸ್ಟಿಕ್ ಇಲ್ಲವೆ ಸ್ಟೇನ್‌ಲೆಸ್ ಉಕ್ಕಿನದನ್ನು ನೋಡಿ.

ತೊಳೆಯುವುದರಲ್ಲಿ ಹೆಚ್ಚಿನ ವಿದ್ಯೆಯೇನೂ ಇಲ್ಲ. ಬಳಸುವ ಮುನ್ನವೂ ಬಳಸಿದ ಕೂಡಲೇ ಕೂಡ, ಸುಗಂಧವಿಲ್ಲದ ಸೌಮ್ಯ ಸೋಪು, ಉಗುರು ಬೆಚ್ಚಗಿನ ನೀರು. ಆದರೆ ತೊಳೆಯುವ ಮುನ್ನ ಪೆಟ್ಟಿಗೆಯ ಮೇಲಿನ ಗುರುತನ್ನು ಓದಬೇಕು. ಐಪಿಎಕ್ಸ್ ೪ ಎಂದಿದ್ದರೆ ಸಿಡಿಯುವ ನೀರಿಗೆ ಮಾತ್ರ ತಡೆ, ಬಕೆಟ್ಟಿನಲ್ಲಿ ಮುಳುಗಿಸಬಾರದು. ಐಪಿಎಕ್ಸ್ ೭ ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ೩೦ ನಿಮಿಷ ತಡೆಯುತ್ತದೆ. ಗುರುತೇ ಇಲ್ಲದ್ದನ್ನು ಶೆಲ್ಲು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಮೋಟಾರು ಇರುವ ಯಾವುದನ್ನೂ ಕುದಿಸಬಾರದು. ನಿಮ್ಮ ಕಡೆಯ ಬೋರಿನ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕೊನೆಗೊಂದು ಚೊಂಬು ಕುಡಿಯುವ ನೀರು ಹಾಯಿಸಿದರಾಯಿತು. ಆಮೇಲೆ ಪೂರ್ತಿ ಒಣಗಬೇಕು. ಯಾರೋ ಬಂದರೆಂದು ಒದ್ದೆಯಾಗಿರುವುದನ್ನೇ ಚೀಲಕ್ಕೆ ತುರುಕುವುದರಿಂದ ಬೂಷ್ಟು ಬರುತ್ತದೆ. ಇದೂ ಸಂಕೋಚದ ಫಲವೇ.

ಶೆಲ್ಲುಗಳನ್ನು ಬಳಸಿದ ಮೇಲೆ ತೆಗೆದಿಡಿ. ಹಳೆಯದಕ್ಕೆ ಹೊಸದನ್ನು ಜೊತೆ ಮಾಡಬೇಡಿ. ಬಲವಾದದ್ದು ದುರ್ಬಲವಾದದ್ದನ್ನು ಹಿಂದಕ್ಕೆ ತಳ್ಳಿ, ಸೋರುವುದು ಆಗಲೇ ಹೆಚ್ಚು. ಚಾರ್ಜು ಮಾಡುವ ಸಾಧನಗಳಲ್ಲಿ ಮೊಬೈಲಿನಲ್ಲಿರುವಂಥದೇ ಲಿಥಿಯಂ ಬ್ಯಾಟರಿಯಿರುತ್ತದೆ. ಅದಕ್ಕೆ ಬಿಸಿಯೇ ಶತ್ರು. ಪೂರ್ತಿ ಖಾಲಿ ಮಾಡಿಯೂ ಇಡಬಾರದು, ತುಂಬಿಸಿಯೂ ಇಡಬಾರದು. ಅರ್ಧ ತುಂಬಿದಂತಿದ್ದು ತಂಪಾದ ಕೋಣೆಯಲ್ಲಿದ್ದರೆ ಬಹುಕಾಲ ಬಾಳುತ್ತದೆ. ಹಾಸಿಗೆಯ ಮೇಲೆ, ದಿಂಬಿನ ಕೆಳಗೆ, ಸೀರೆಗಳ ಮಡಿಕೆಯಲ್ಲಿ ಬಚ್ಚಿಟ್ಟು ಚಾರ್ಜು ಹಾಕುವವರಿದ್ದಾರೆ. ಬೆಂಕಿಗೆ ಆಹ್ವಾನವೆಂದರೆ ಅದೇ. ನಿಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲವಿದೆ. ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ಎಚ್ಚರವಿರುವ ಹೊತ್ತಿನಲ್ಲಿ, ಒಣಗಿದ ಮೇಲೆ, ಕಣ್ಣೆದುರಿಗೆ ಚಾರ್ಜಾಗಲಿ. ಚಾರ್ಜಿನಲ್ಲಿರುವಾಗ ಮೈಗೆ ತಾಗಿಸಬಾರದು. ಉಬ್ಬಿದ, ಬಿಸಿಯಾಗುವ, ಸಿಹಿವಾಸನೆ ಬರುವ ಬ್ಯಾಟರಿಯ ಸಹವಾಸ ಅಂದಿಗೇ ಮುಗಿಯಿತೆಂದು ತಿಳಿಯಿರಿ.

ಬಳಕೆಯ ಬಗ್ಗೆ ನೀವು ಕೇಳದಿದ್ದರೂ ಎರಡು ಮಾತು ಹೇಳುತ್ತೇನೆ. ಮುಟ್ಟು ನಿಲ್ಲುವ ಕಾಲದಲ್ಲಿ ಶರೀರ ಒಣಗುವುದು ಸಹಜ, ಒರಟು ತಾಗಿದರೆ ಗೀರಾಗುತ್ತದೆ. ಔಷಧದ ಅಂಗಡಿಯಲ್ಲಿ ದೊರೆಯುವ, ನೀರಿನಲ್ಲಿ ಕಲಸಿದ ಜೆಲ್ಲಿಯನ್ನು ಬಳಸಿ. ಕೊಬ್ಬರಿ ಎಣ್ಣೆಯೋ ಕುಸುಬಿ ಎಣ್ಣೆಯೋ ಸಾಲದೇ ಎನ್ನುವವರಿದ್ದಾರೆ. ಎಣ್ಣೆ ತಾಗಿದರೆ ನಿರೋಧ್ ಹರಿಯುತ್ತದೆ. ಸಿಲಿಕೋನಿನ ಸಾಧನಕ್ಕೆ ಸಿಲಿಕೋನಿನ ಜೆಲ್ಲಿಯೂ ಹೊಂದದು. ಅತಿ ಕಡಿಮೆ ವೇಗದಿಂದ ಆರಂಭಿಸಿ. ಮರಗಟ್ಟಿದಂತಾದರೆ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶವೇ ಮಂದವಾಗಿರಬಹುದಾದ್ದರಿಂದ ಬಿಸಿ, ಗೀರು ತಿಳಿಯದೆ ಹೋಗುವುದುಂಟು. ಅವರು ಕಣ್ಣಿನಿಂದ ನೋಡಿಕೊಳ್ಳಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಆಯಸ್ಕಾಂತದಿಂದ ಅಂಟಿಕೊಳ್ಳುವ ಚಾರ್ಜರನ್ನು ಎದೆಯ ಬಳಿ ತರಬಾರದು. ಇನ್ನೊಬ್ಬರೊಡನೆ ಹಂಚಿಕೊಳ್ಳುವುದಾದರೆ ಪ್ರತಿ ಸಲವೂ ಹೊಸ ನಿರೋಧ್ ಬೇಕು. ಅಗಲವಾದ ತಳವಿಲ್ಲದ ಯಾವ ವಸ್ತುವನ್ನೂ ಗುದದ್ವಾರದಲ್ಲಿ ಬಳಸಲೇಬಾರದು. ಒಳಕ್ಕೆ ಜಾರಿದರೆ ತಾನಾಗಿ ಹಿಂದಿರುಗುವುದು ಕಷ್ಟ, ಮನೆಯಲ್ಲಿ ತೆಗೆಯಲು ಹೋದರೆ ಕರುಳಿಗೆ ಪೆಟ್ಟು. ಅಂಥವರು ನಾಚಿಕೆಯಿಂದ ದಿನಗಟ್ಟಲೆ ತಡಮಾಡಿ ಬರುವುದೇ ಶಸ್ತ್ರವೈದ್ಯರಿಗೆ ದೊಡ್ಡ ಕಷ್ಟ. ಅವರು ಇದನ್ನೆಲ್ಲ ಕಂಡವರೇ.

ನಿಮ್ಮ ಯಜಮಾನರಿಗೂ ಒಂದು ಮಾತು ತಲುಪಿಸಿ. ಸಕ್ಕರೆ ಕಾಯಿಲೆಯವರಲ್ಲಿ ಕಾಣುವ ಆ ದೌರ್ಬಲ್ಯ ರಕ್ತನಾಳಗಳು ಕಿರಿದಾಗುತ್ತಿರುವುದರ ಮುನ್ಸೂಚನೆಯೂ ಆಗಿರಬಹುದು. ಹೃದಯದ ನಾಳಗಳೂ ಅದೇ ಶರೀರದವಲ್ಲವೇ? ಸಾಧನ ಬಂದಿತೆಂದು ವೈದ್ಯರನ್ನು ಬಿಡಬಾರದು. ಅಂಗಡಿಯಲ್ಲಿ ಕೇಳಿ ಗುಳಿಗೆ ತರುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು. ಎದೆನೋವಿಗಾಗಿ ನಾಲಿಗೆಯಡಿ ಇಡುವ ನೈಟ್ರೇಟ್ ಗುಳಿಗೆಯನ್ನು ಸೇವಿಸುವವರು ಆ ಬಗೆಯ ಗುಳಿಗೆ ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ.

ಪತ್ರದ ನಡುವೆ ‘ಇದೆಲ್ಲ ಹೊರದೇಶದ ವಿಕೃತಿಯಲ್ಲವೇ?’ ಎಂದೂ ಕೇಳಿದ್ದೀರಿ. ವಾತ್ಸ್ಯಾಯನನ ಕಾಮಸೂತ್ರದ ಏಳನೆಯ ಅಧಿಕರಣದಲ್ಲಿ ಕೃತಕ ಸಾಧನಗಳಿಗೆ ‘ಅಪದ್ರವ್ಯ’ ಎಂಬ ಹೆಸರಿದೆ. ಚಿನ್ನ, ಬೆಳ್ಳಿ, ತಾಮ್ರ, ದಂತ, ಕೊಂಬು ಎಂದು ಅವುಗಳ ದ್ರವ್ಯಗಳ ವಿಚಾರವೂ ಬರುತ್ತದೆ. ಯಾವ ದ್ರವ್ಯ ಮೈಗೆ ಹಿತವೆಂಬ ಇಂದಿನ ಪ್ರಶ್ನೆ ಹೊಸದಲ್ಲವೆಂದಾಯಿತು. ಕನ್ನಡದಲ್ಲಿ ಕಾಮಶಾಸ್ತ್ರವನ್ನು ೧೧ನೆಯ ಶತಮಾನದಲ್ಲಿಯೇ ಚಂದ್ರರಾಜ ‘ಮದನತಿಲಕ’ವಾಗಿ ಬರೆದ, ೧೫ನೆಯ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ವನ್ನು ಬರೆದ. ನಮ್ಮ ಕಾಲಕ್ಕೆ ಡಾ. ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’ಯನ್ನು ಕನ್ನಡದ ಗೃಹಿಣಿಯರ ಕೈಗಿತ್ತರು. ವಿದ್ಯುತ್ತಿನಿಂದ ಕಂಪಿಸುವ ಯಂತ್ರ ಮಾತ್ರ ೧೮೮೦ರ ದಶಕದ ಇಂಗ್ಲೆಂಡಿನದು. ಅದನ್ನು ಮಾಡಿದ ವೈದ್ಯ ಮಾರ್ಟಿಮರ್ ಗ್ರ್ಯಾನ್‌ವಿಲ್‌ನ ಗುರಿ ಸ್ನಾಯುವಿನ ನೋವು ಕಳೆಯುವುದಾಗಿತ್ತು. ಹಿಸ್ಟೀರಿಯಾ ಬಂದ ಸ್ತ್ರೀಯರಿಗೆ ಆ ಕಾಲದ ವೈದ್ಯರು ಇದನ್ನು ಬಳಸುತ್ತಿದ್ದರೆಂಬ ಸ್ವಾರಸ್ಯದ ಕಥೆಯೊಂದು ಪುಸ್ತಕಗಳಲ್ಲಿ ಹರಡಿದೆ. ಅದಕ್ಕೆ ಆಧಾರವಿಲ್ಲವೆಂದು ೨೦೧೮ರಲ್ಲಿ ಇಬ್ಬರು ಸಂಶೋಧಕರು ಮೂಲಗಳನ್ನು ಜಾಲಾಡಿ ತೋರಿಸಿದ್ದಾರೆ. ನನಗೂ ಆ ಕಥೆ ಇಷ್ಟವಾಗಿತ್ತು, ಏನು ಮಾಡುವುದು.

ಮಸ್ಕಿಯ ತರುಣರ ಪ್ರಶ್ನೆ ಚಿಕ್ಕದು: ಮದುವೆ ಹತ್ತಿರವಿದೆ, ಇಂಥದನ್ನು ಮನೆಯಲ್ಲಿಟ್ಟುಕೊಂಡರೆ ಪೊಲೀಸರ ಭಯವಿದೆಯೇ? ಅಶ್ಲೀಲ ವಸ್ತುಗಳ ಮಾರಾಟ, ಹಂಚಿಕೆ, ಸಾರ್ವಜನಿಕ ಪ್ರದರ್ಶನ ಇವೇ ಕಾನೂನಿನ ಗುರಿ. ಮೊದಲು ದಂಡಸಂಹಿತೆಯ ೨೯೨ನೆಯ ಕಲಂ ಆಗಿದ್ದದ್ದು ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೨೯೪ನೆಯದಾಗಿದೆ. ವಯಸ್ಕರು ತಮ್ಮ ಬಳಕೆಗೆ ತಮ್ಮ ಕೋಣೆಯಲ್ಲಿಟ್ಟುಕೊಳ್ಳುವುದು ಆ ಕಲಮಿನ ವಿಷಯವಲ್ಲ. ಮಸಾಜ್ ಯಂತ್ರಗಳ ಒಂದು ಆಮದನ್ನು, ಕಾಮಸುಖಕ್ಕೆ ಬಳಸಬಹುದಾದ್ದರಿಂದ ಅಶ್ಲೀಲವೆಂದು ಸುಂಕದ ಅಧಿಕಾರಿಗಳು ತಡೆದಿದ್ದರು. ಆಧಾರ, ೧೯೬೪ರ ಒಂದು ಸರಕಾರಿ ಪ್ರಕಟಣೆ. ೨೦೨೪ರ ಮಾರ್ಚಿನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯ, ಅದು ಅಧಿಕಾರಿಯ ಕಲ್ಪನೆಯೇ ಹೊರತು ಯಂತ್ರವನ್ನು ನಿಷಿದ್ಧವೆನ್ನಲಾಗದೆಂದು ತೀರ್ಮಾನಿಸಿತು. ಆದರೆ ಇನ್ನೊಬ್ಬರಿಗೆ ಬೇಡದಿದ್ದರೂ ತೋರಿಸುವುದು, ಚಿತ್ರ ಕಳುಹಿಸುವುದು, ಇವು ಬೇರೆಯೇ ಅಪರಾಧಗಳು. ಮದುವೆಯಾಗಿ ಬರುವ ಹುಡುಗಿಗೂ ಇದೇ ಮಾತು ಅನ್ವಯಿಸುತ್ತದೆ: ಮೊದಲು ಪರಿಚಯ, ಮಾತು, ಅವಳ ಒಪ್ಪಿಗೆ. ಯಂತ್ರಕ್ಕೆ ಅವಸರವಿಲ್ಲ.

ಈ ಮುಸುಕಿನ ವ್ಯಾಪಾರದಿಂದ ಕೊಳ್ಳುವವನಿಗೆ ಆಗುವ ನಷ್ಟ ಬೇರೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ೨೦೨೧ರಲ್ಲಿ ಐಎಸ್‌ಒ ೩೫೩೩ ಎಂಬ ಮಾನಕವನ್ನು ಇಂಥ ಸಾಧನಗಳಿಗೆಂದೇ ಪ್ರಕಟಿಸಿದೆ. ವಸ್ತು ಯಾವುದು, ಹೇಗೆ ಶುಚಿ ಮಾಡಬೇಕು ಎಂಬುದನ್ನು ಕೊಳ್ಳುವವನಿಗೆ ತಿಳಿಸಬೇಕೆಂಬುದೂ ಅದರ ಆಶಯ. ಹೆಗಲು ನೋವಿನ ಯಂತ್ರವೆಂದು ಹೆಸರು ಬದಲಿಸಿ ಮಾರುವ ಪೆಟ್ಟಿಗೆಯಲ್ಲಿ ಆ ವಿವರಣೆ ಹೆಗಲಿಗಷ್ಟೇ ಸರಿಹೋಗುತ್ತದೆ. ವಸ್ತುವಿನ ಹೆಸರು, ನೀರಿನ ಗುರುತು, ಬ್ಯಾಟರಿಯ ವಿವರ ಇವು ಮೂರೂ ಇಲ್ಲದ ಪೆಟ್ಟಿಗೆಯನ್ನು, ಎಷ್ಟೇ ಅಗ್ಗವಾಗಿರಲಿ, ಹಿಂದಿರುಗಿಸಿ.

ಮತ್ತೆ ಸಿಂಧನೂರಿಗೆ. ಎಲ್ಲಿಡಬೇಕೆಂದು ಕೇಳಿದ್ದೀರಿ. ಅತ್ತೆಯವರಿಗೆ ತೋರಿಸಿರೆಂದು ಯಾರೂ ಹೇಳುತ್ತಿಲ್ಲ. ದಂಪತಿಗಳ ಗುಟ್ಟು ದಂಪತಿಗಳದು. ನಿಮ್ಮ ಕೋಣೆಯ ಬೀರುವಿನಲ್ಲಿ, ನಡುವಿನ ಅರೆಯಲ್ಲಿ, ಬೀಗವಿರುವ ಚಿಕ್ಕ ಪೆಟ್ಟಿಗೆಯೊಳಗೆ, ಒಗೆದ ಹತ್ತಿಯ ಚೀಲದಲ್ಲಿಡಿ. ಶೆಲ್ಲುಗಳು ಬೇರೊಂದು ಡಬ್ಬಿಯಲ್ಲಿ, ಮಕ್ಕಳ ಕೈಗೆಟುಕದಂತೆ ಇರಲಿ. ನುಸಿಗುಳಿಗೆ ಸೀರೆಗಳ ಪಾಲಿಗಿರಲಿ. ಹಾಳಾದ ಸಾಧನವನ್ನು ರಾತ್ರಿ ಕಾಲುವೆಗೆ ಎಸೆಯುವ ಯೋಚನೆಯಿದೆಯೆಂದು ಬರೆದಿದ್ದೀರಿ. ತುಂಗಭದ್ರೆಯ ಎಡದಂಡೆಯ ಆ ನೀರು ನಿಮ್ಮೂರಿನ ಗದ್ದೆಗಳಿಗೇ ಬರುತ್ತದೆ. ಒಲೆಗೂ ಹಾಕಬೇಡಿ. ಶೆಲ್ಲುಗಳ ಎರಡೂ ತುದಿಗೆ ಟೇಪು ಸುತ್ತಿ, ಹಳೆಯ ಮೊಬೈಲು, ಕೆಟ್ಟ ಟಾರ್ಚು ಇವುಗಳ ಜೊತೆಗೆ ಎಲೆಕ್ಟ್ರಾನಿಕ್ ಕಸ ಪಡೆಯುವವರಿಗೆ ಕೊಡಿ. ೨೦೨೨ರ ನಿಯಮಗಳಂತೆ ಹಳೆಯ ಬ್ಯಾಟರಿಯನ್ನು ಸಂಗ್ರಹಿಸುವ ಹೊಣೆ ತಯಾರಕರದೇ. ಕಾಗದದಲ್ಲಿ ಸುತ್ತಿ ಕೊಟ್ಟರೆ ಒಳಗೇನಿದೆಯೆಂದು ಅವರು ಕೇಳುವುದಿಲ್ಲ.

ಲಿಂಗಸುಗೂರಿನಿಂದ ಎರಡನೆಯ ಕಾಗದ ಬಂದಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಜೊಲ್ಲಿಗೆ ಕಾರಣ ಹೊಸ ಹಲ್ಲು. ಮೂರನೆಯ ಶೆಲ್ಲು ಹಾಸಿಗೆಯ ಹೊಲಿಗೆಯ ಸಂದಿಯಲ್ಲಿ ಸಿಕ್ಕಿತಂತೆ.